ದನ, ಕುರಿ, ಕೋಳಿಗಳಲ್ಲಿ ಸಾಂಕ್ರಾಮಿಕ ರೋಗವನ್ನು ಬೇಗ ಗುರುತಿಸುವ ಬಗೆ

ಕಾಲುಬಾಯಿ ಜ್ವರವಾಗಲಿ, ಕೋಳಿಗಳ ಕೊಕ್ಕರೆ ರೋಗವಾಗಲಿ, ಹಟ್ಟಿಯನ್ನು ಹೊಕ್ಕ ದಿನವೇ ತನ್ನ ಪೂರ್ಣ ರೂಪವನ್ನು ತೋರಿಸುವುದಿಲ್ಲ. ಬಾಯಿಂದ ಜೊಲ್ಲು ಇಳಿಯುವುದು, ಕೋಳಿಯ ಕತ್ತು ತಿರುಚಿಕೊಳ್ಳುವುದು ಮುಂತಾದ ಲಕ್ಷಣಗಳು ಎಲ್ಲರ ಕಣ್ಣಿಗೂ ಬೀಳುವ ಹೊತ್ತಿಗೆ ಸೋಂಕು ಪಕ್ಕದ ಗೂಟದ ದನಕ್ಕೋ ಪಕ್ಕದ ಶೆಡ್ಡಿಗೋ ದಾಟಿರುತ್ತದೆ. ಆದ್ದರಿಂದ ಸಾಕುವವರು ಕಲಿಯಬೇಕಾದದ್ದು ರೋಗಗಳ ಹೆಸರಿನ ಪಟ್ಟಿಗಿಂತ ಮುಖ್ಯವಾಗಿ, ತಮ್ಮ ಹಟ್ಟಿಯ ದಿನನಿತ್ಯದ ಸ್ಥಿತಿ ಯಾವುದು, ಅದು ಎಲ್ಲಿ ಬದಲಾಯಿತು ಎಂಬುದನ್ನು ಹಿಡಿಯುವ ಅಭ್ಯಾಸ. ರೋಗಕ್ಕೆ ಹೆಸರಿಡುವ ಕೆಲಸವನ್ನು ಪಶುವೈದ್ಯರಿಗೂ ಪ್ರಯೋಗಾಲಯಕ್ಕೂ ಬಿಡಬಹುದು. ಆದರೆ ಬದಲಾವಣೆಯನ್ನು ಮೊದಲು ಕಾಣಬೇಕಾದವರು ಬೆಳಗ್ಗೆ ಸಗಣಿ ಬಾಚುವವರು ಮತ್ತು ಕೋಳಿಗೆ ನೀರು ಹಾಕುವವರು.

ಮೊದಲ ಹಂತ: ಆರೋಗ್ಯದ ಅಳತೆ ಬರೆದಿಡುವುದು

ಐವತ್ತು ರೂಪಾಯಿಯ ನೋಟ್‌ಬುಕ್ಕೊಂದು, ಡಿಜಿಟಲ್ ಥರ್ಮಾಮೀಟರೊಂದು ಸಾಕು. ದನದ ಸಹಜ ದೇಹೋಷ್ಣ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಕುರಿ ಮೇಕೆಗಳಲ್ಲಿ ಅದಕ್ಕಿಂತ ಒಂದು ಡಿಗ್ರಿಯಷ್ಟು ಹೆಚ್ಚು. ಕೋಳಿಯಲ್ಲಿ 106ರ ಆಸುಪಾಸು. ಥರ್ಮಾಮೀಟರನ್ನು ಗುದದ್ವಾರದೊಳಗೆ ಇಟ್ಟಾಗ ಅದರ ತುದಿ ಸಗಣಿಯ ಮುದ್ದೆಯೊಳಗೆ ಹೂತುಕೊಳ್ಳದೆ ಪಕ್ಕದ ಗೋಡೆಗೆ ತಾಗಿರುವಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ಅಂಕಿ ಸುಳ್ಳಾಗುತ್ತದೆ. ಬಿಸಿಲಲ್ಲಿ ನಿಂತು ಬಂದ ಎಮ್ಮೆಯ ಮೈ ಮಧ್ಯಾಹ್ನ ಸಹಜವಾಗಿಯೇ ಬಿಸಿಯಾಗಿರುವುದರಿಂದ ಬೆಳಗಿನ ಹೊತ್ತಿನ ಅಳತೆಯೇ ನಂಬಲರ್ಹ.

ಹಸುವಿನ ಎಡ ಪಕ್ಕೆಯ ಹಿಂದಿನ ಗುಳಿಯಲ್ಲಿ ಮುಷ್ಟಿಯನ್ನು ಒತ್ತಿ ಹಿಡಿದರೆ ಆರೋಗ್ಯವಂತ ಹಸುವಿನ ಮೆಲುಕು ಹೊಟ್ಟೆ ನಿಮಿಷಕ್ಕೆ ಒಂದೆರಡು ಬಾರಿ ಮುಷ್ಟಿಯನ್ನು ಹೊರಕ್ಕೆ ನೂಕುವುದು ಗೊತ್ತಾಗುತ್ತದೆ. ಮೂತಿಯ ಮೇಲೆ ಬೆವರ ಹನಿಯಂತಹ ತೇವ ಇರಬೇಕು. ಮಲಗಿರುವ ದನಗಳಲ್ಲಿ ಅರ್ಧದಷ್ಟಾದರೂ ಮೆಲುಕು ಹಾಕುತ್ತಿರಬೇಕು. ಹಾಲಿನ ಡೇರಿಗೆ ಎರಡು ಹೊತ್ತು ಹಾಲು ಹಾಕುವವರ ಬಳಿ ಈಗಾಗಲೇ ಒಂದು ದಾಖಲೆ ಇದೆ: ಡೇರಿಯ ಪುಸ್ತಕ. ಮೇವು ಬದಲಾಗದೆ, ಬೆದೆಗೆ ಬಾರದೆ, ಒಂದೇ ದಿನದಲ್ಲಿ ಹಾಲು ಗಣನೀಯವಾಗಿ ಇಳಿದರೆ ಅದೇ ದಿನ ಜ್ವರ ನೋಡಬೇಕು. ಎರಡು ಹಸುಗಳ ಹಾಲು ಒಟ್ಟಿಗೆ ಇಳಿದರೆ ಮೊದಲು ಮೇವನ್ನೂ ನೀರನ್ನೂ ಪರೀಕ್ಷಿಸಿ, ಅಲ್ಲಿ ಕಾರಣ ಸಿಗದಿದ್ದರೆ ಸಾಂಕ್ರಾಮಿಕವೆಂದೇ ಅನುಮಾನಿಸುವುದು ಕ್ಷೇಮ.

ಎರಡನೇ ಹಂತ: ಕೋಳಿ ಶೆಡ್ಡಿನಲ್ಲಿ ನೀರು, ಹಿಕ್ಕೆ, ಸದ್ದು

ಕೋಳಿಗಳ ವಿಚಾರದಲ್ಲಿ ಒಂದೊಂದು ಹಕ್ಕಿಯನ್ನು ಹಿಡಿದು ನೋಡುವುದಕ್ಕಿಂತ ಇಡೀ ಹಿಂಡಿನ ನಡವಳಿಕೆಯನ್ನು ಓದುವುದು ಮುಖ್ಯ. ಕೋಳಿ ತಿನ್ನುವ ಆಹಾರದ ತೂಕದ ಸುಮಾರು ಎರಡರಷ್ಟು ನೀರು ಕುಡಿಯುತ್ತದೆ. ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಹಲವು ರೋಗಗಳಲ್ಲಿ ಸಾವು ಕಾಣುವ ಮೊದಲೇ ನೀರಿನ ಬಳಕೆ ಇಳಿಯುತ್ತದೆ. ಆದ್ದರಿಂದ ನೀರಿನ ಟ್ಯಾಂಕಿಗೆ ಗುರುತು ಹಾಕಿ ದಿನವೂ ಒಂದೇ ಹೊತ್ತಿಗೆ ಮಟ್ಟ ಬರೆದುಕೊಳ್ಳುವುದು ನಾನು ಕಂಡ ಅತ್ಯಂತ ಅಗ್ಗದ ರೋಗಪತ್ತೆ ವಿಧಾನ.

ರಾತ್ರಿ ದೀಪ ಆರಿಸಿದ ಮೇಲೆ, ಕೋಳಿಗಳು ಸುಮ್ಮನಾದ ಹೊತ್ತಿನಲ್ಲಿ, ಶೆಡ್ಡಿನ ನಡುವೆ ಅಲುಗಾಡದೆ ಹತ್ತು ನಿಮಿಷ ನಿಲ್ಲಬೇಕು. ಹಗಲಿನ ಗದ್ದಲದಲ್ಲಿ ಕೇಳದ ಸೀನು, ಗೊರಗೊರ ಉಸಿರು, ಬಾಯಿ ತೆರೆದು ಎಳೆಯುವ ಸದ್ದು ಆಗ ಸ್ಪಷ್ಟವಾಗಿ ಕೇಳುತ್ತದೆ. ಯಾವ ಮೂಲೆಯಿಂದ ಬರುತ್ತಿದೆ ಎಂಬುದೂ ತಿಳಿಯುತ್ತದೆ. ಬೆಳಗ್ಗೆ ಹಾಸಿನ ಮೇಲಿನ ಹಿಕ್ಕೆಯನ್ನು ನೋಡಬೇಕು. ಹಸಿರು ಮಿಶ್ರಿತ ಬಿಳಿಯ ನೀರು ಹಿಕ್ಕೆ ಕೊಕ್ಕರೆ ರೋಗದ, ಅಂದರೆ ರಾಣಿಖೇತ್ ರೋಗದ ಕಡೆಗೆ ಬೊಟ್ಟು ಮಾಡುತ್ತದೆ. ಜೊತೆಗೆ ಉಸಿರಾಟದ ತೊಂದರೆ, ಕೆಲವು ದಿನಗಳ ಬಳಿಕ ಬದುಕುಳಿದವುಗಳಲ್ಲಿ ಕತ್ತು ತಿರುಚುವಿಕೆ, ರೆಕ್ಕೆ ಕಾಲುಗಳ ಸ್ವಾಧೀನ ತಪ್ಪುವಿಕೆ ಕಂಡರೆ ಅನುಮಾನ ಗಟ್ಟಿಯಾಗುತ್ತದೆ. ಮೂರರಿಂದ ಆರು ವಾರದ ಮರಿಗಳು ಬಿಳಿಚಿದ ನೀರು ಹಿಕ್ಕೆ ಹಾಕುತ್ತಾ ತಮ್ಮ ಗುದದ್ವಾರವನ್ನೇ ಕುಕ್ಕಿಕೊಳ್ಳುತ್ತಿದ್ದು, ಸಾವು ಸರ್ರನೆ ಏರಿ ಒಂದು ವಾರದೊಳಗೆ ತಾನಾಗಿ ಇಳಿದರೆ ಅದು ಗಂಬೊರೊ ಎಂಬ ವೈರಾಣು ರೋಗ ಇರಬಹುದು. ಅದೇ ವಯಸ್ಸಿನಲ್ಲಿ ಹಿಕ್ಕೆಯಲ್ಲಿ ರಕ್ತ ಕಂಡು ಹಾಸು ಒದ್ದೆಯಾಗಿದ್ದರೆ ಅದು ಬಹುಪಾಲು ಕಾಕ್ಸಿಡಿಯಾ ಎಂಬ ಪರಾವಲಂಬಿಯ ಕೆಲಸ. ಅದಕ್ಕೆ ಔಷಧಿ ಇದೆ, ಮೊದಲ ಎರಡಕ್ಕೆ ಇಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಎರಡು ಗಂಟೆಯಿಂದ ಸಂಜೆಯವರೆಗೆ ಮಾತ್ರ, ಅದೂ ದಪ್ಪ ಕೋಳಿಗಳೇ ಸತ್ತು, ತಂಪಾದ ಮೇಲೆ ಸಾವು ನಿಂತರೆ ಅದು ಬಿಸಿಲಿನ ಹೊಡೆತ. ಸಾಂಕ್ರಾಮಿಕ ರೋಗ ಹೊತ್ತನ್ನು ನೋಡುವುದಿಲ್ಲ: ಶೆಡ್ಡಿನ ಒಂದು ಮೂಲೆಯಲ್ಲಿ ಶುರುವಾಗಿ ಮರುದಿನ ಪಕ್ಕದ ಸಾಲಿಗೆ ಬರುತ್ತದೆ. ಆದ್ದರಿಂದ ಎಷ್ಟು ಸತ್ತವು ಎಂಬುದರ ಜೊತೆಗೆ ಎಲ್ಲಿ ಸತ್ತವು, ಯಾವ ಹೊತ್ತಿನಲ್ಲಿ ಸತ್ತವು ಎಂಬುದನ್ನೂ ಬರೆಯಬೇಕು.

ಹಕ್ಕಿ ಜ್ವರ ಇವೆಲ್ಲಕ್ಕಿಂತ ಬೇರೆ ಎಚ್ಚರಿಕೆಯನ್ನು ಬೇಡುತ್ತದೆ. ಭಾರತದಲ್ಲಿ ಅದು ಮೊದಲು ಕಂಡದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನವಾಪುರದ ಫಾರ್ಮುಗಳಲ್ಲಿ; ಕರ್ನಾಟಕದಲ್ಲಿ 2012ರಲ್ಲಿ ಹೆಸರಘಟ್ಟದಲ್ಲೂ, 2020ರ ಮಾರ್ಚಿನಲ್ಲಿ ಮೈಸೂರು ಮತ್ತು ದಾವಣಗೆರೆ ಜಿಲ್ಲೆಗಳಲ್ಲೂ ಅದು ಪತ್ತೆಯಾಗಿದೆ. ಮೇವು ನೀರು ಒಟ್ಟಿಗೆ ಬಿಡುವುದು, ಜುಟ್ಟು ನೀಲಿಗಟ್ಟುವುದು, ಮುಖ ಊದುವುದು, ಗರಿಯಿಲ್ಲದ ಕಾಲಿನ ಭಾಗದಲ್ಲಿ ಕೆಂಪು ರಕ್ತದ ಮಚ್ಚೆ, ಮೆತ್ತನೆ ಚಿಪ್ಪಿನ ಮೊಟ್ಟೆ, ಬಹಳ ಸಲ ಯಾವ ಲಕ್ಷಣವೂ ಇಲ್ಲದ ಸಾಮೂಹಿಕ ಸಾವು, ಇವು ಅದರ ಸೂಚನೆಗಳು. ಕೊಕ್ಕರೆ ರೋಗದ ಉಗ್ರ ರೂಪಕ್ಕೂ ಹಕ್ಕಿ ಜ್ವರಕ್ಕೂ ಕಣ್ಣಳತೆಯಲ್ಲಿ ವ್ಯತ್ಯಾಸ ಹೇಳಲು ಅನುಭವಿ ವೈದ್ಯರಿಂದಲೂ ಸಾಧ್ಯವಿಲ್ಲ. ಬಾತುಕೋಳಿಗಳಂತೂ ವೈರಾಣುವನ್ನು ಹೊತ್ತೂ ಆರೋಗ್ಯವಾಗಿಯೇ ಕಾಣಬಹುದು. ಊರಿನ ಕಾಗೆಗಳೋ ಕೆರೆಯ ಹಕ್ಕಿಗಳೋ ಸಾಯುತ್ತಿರುವ ಸುದ್ದಿ ಅದೇ ವಾರ ಬಂದಿದ್ದರೆ, ಸತ್ತ ಕೋಳಿಯನ್ನು ಕೊಯ್ದು ನೋಡುವ ಕುತೂಹಲವನ್ನು ಅಲ್ಲಿಗೇ ಬಿಡಬೇಕು.

ಲಸಿಕೆ ಹಾಕಿಸಿದ್ದೇನೆ ಎಂಬ ಧೈರ್ಯ ಹಲವೊಮ್ಮೆ ಪತ್ತೆಯನ್ನೇ ತಡಮಾಡುತ್ತದೆ. ಲಸಿಕೆ ಪಡೆದ ಮೊಟ್ಟೆ ಕೋಳಿಗಳಲ್ಲಿ ಕೊಕ್ಕರೆ ರೋಗ ಸಾವನ್ನು ತಾರದೆ, ಮೊಟ್ಟೆಯ ಇಳಿಕೆ ಮತ್ತು ಬಣ್ಣಗೆಟ್ಟ, ವಕ್ರ ಚಿಪ್ಪಿನ ರೂಪದಲ್ಲಿ ಮಾತ್ರ ಕಾಣಿಸಬಹುದು.

ಮೂರನೇ ಹಂತ: ದನದ ಬಾಯಿ, ಗೊರಸು, ಚರ್ಮ

ಜ್ವರವಿರುವ ದನವನ್ನು ಬೆಳಕಿನಲ್ಲಿ ನಿಲ್ಲಿಸಿ ಮುಂದಿನಿಂದ ಹಿಂದಕ್ಕೆ ಒಂದೇ ಕ್ರಮದಲ್ಲಿ ನೋಡಬೇಕು. ಕಾಲುಬಾಯಿ ಜ್ವರದಲ್ಲಿ ಕಣ್ಣಿಗಿಂತ ಮೊದಲು ಕಿವಿಗೆ ಸಿಗುವುದು ದನ ತುಟಿ ಚಪ್ಪರಿಸುವ ಸದ್ದು. ಆಮೇಲೆ ಹಗ್ಗದಂತೆ ಇಳಿಯುವ ಜೊಲ್ಲು. ಕೈಗವಸು ಹಾಕಿಕೊಂಡು ನಾಲಿಗೆಯನ್ನು ಪಕ್ಕಕ್ಕೆ ಎಳೆದರೆ ಮೇಲ್ಭಾಗದಲ್ಲಿ ಬಿಳಿಚಿದ, ನೀರು ತುಂಬಿದ ಗುಳ್ಳೆ ಕಾಣುತ್ತದೆ. ಒಂದು ದಿನದೊಳಗೆ ಅದು ಒಡೆದು, ಚರ್ಮದ ಚೂರು ಸುಲಿದು, ಕೆಂಪು ಹಸಿ ಗಾಯ ಉಳಿಯುತ್ತದೆ. ಅದೇ ಬಗೆಯ ಗುಳ್ಳೆ ಗೊರಸಿನ ಸಂದಿನಲ್ಲಿಯೂ ಕೆಚ್ಚಲಿನ ತೊಟ್ಟಿನ ಮೇಲೂ ಇರಬಹುದು. ಬಾಯಿ ಮತ್ತು ಕಾಲು ಎರಡರಲ್ಲೂ ಕಂಡರೆ ಅನುಮಾನಕ್ಕೆ ಎಡೆಯಿಲ್ಲದಷ್ಟು ಸ್ಪಷ್ಟ. ಎಳೆ ಕರುಗಳಲ್ಲಿ ಮಾತ್ರ ಈ ರೋಗ ಮೋಸ ಮಾಡುತ್ತದೆ: ಗುಳ್ಳೆಯೇ ಏಳದೆ, ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದು, ಹಾಲು ಕುಡಿಯುತ್ತಿದ್ದ ಕರು ಹಠಾತ್ತನೆ ಸಾಯುತ್ತದೆ. ಅಂತಹ ಸಾವನ್ನು ಜಂತಿನ ಲೆಕ್ಕಕ್ಕೋ ದೃಷ್ಟಿಯ ಲೆಕ್ಕಕ್ಕೋ ಬರೆದು ಸುಮ್ಮನಾದವರ ಹಟ್ಟಿಯಲ್ಲಿ ಮೂರನೇ ದಿನ ತಾಯಿ ಹಸು ಜೊಲ್ಲು ಸುರಿಸುವುದುಂಟು. 2013ರಲ್ಲಿ ಕರ್ನಾಟಕದಲ್ಲಿ ಈ ರೋಗ ಸಾವಿರಾರು ದನಗಳನ್ನು ಬಲಿತೆಗೆದುಕೊಂಡಿತು. ಈಗ 2019ರಿಂದ ನಡೆಯುತ್ತಿರುವ ರಾಷ್ಟ್ರೀಯ ಕಾರ್ಯಕ್ರಮದಡಿ ಆರು ತಿಂಗಳಿಗೊಮ್ಮೆ ಉಚಿತ ಲಸಿಕೆ ಹಾಕುತ್ತಾರೆ. ಕಿವಿಯೋಲೆಯ 12 ಅಂಕಿಯ ಸಂಖ್ಯೆಯ ಎದುರು ಆ ದಿನಾಂಕವನ್ನು ನೀವೂ ಬರೆದಿಟ್ಟುಕೊಳ್ಳಿ.

ಚರ್ಮಗಂಟು ರೋಗವನ್ನು ಬೆರಳಿನಿಂದ ಗುರುತಿಸಬೇಕು. 2019ರಲ್ಲಿ ಒಡಿಶಾದಲ್ಲಿ ಮೊದಲು ಕಂಡು, 2022ರಲ್ಲಿ ದೇಶದುದ್ದಕ್ಕೂ ಹರಡಿದ ಈ ವೈರಾಣು ರೋಗದಲ್ಲಿ ಮೈಮೇಲೆ ಏಳುವ ಗಂಟು ದುಂಡಗೆ, ಗಟ್ಟಿಯಾಗಿ, 2ರಿಂದ 5 ಸೆಂಟಿಮೀಟರ್ ಅಗಲವಾಗಿರುತ್ತದೆ; ಎರಡು ಬೆರಳಲ್ಲಿ ಹಿಡಿದೆತ್ತಿದರೆ ಚರ್ಮದ ಪೂರ್ತಿ ದಪ್ಪದೊಡನೆ ಮೇಲಕ್ಕೆ ಬರುತ್ತದೆ. ಕೀಟ ಕಚ್ಚಿ ಅಥವಾ ಒಗ್ಗದ ಮೇವಿನಿಂದ ಎದ್ದ ದದ್ದು ಮೆತ್ತಗಿದ್ದು, ಕೆಲವು ಗಂಟೆಗಳಲ್ಲೋ ಮರುದಿನಕ್ಕೋ ಇಳಿದುಹೋಗುತ್ತದೆ. ಭುಜದ ಮುಂದಿನ ದುಗ್ಧಗ್ರಂಥಿ ನಿಂಬೆಗಿಂತ ದೊಡ್ಡದಾಗಿ ಕೈಗೆ ಸಿಗುವುದು, ಎದೆಯ ಕೆಳಗೂ ಕಾಲಿನಲ್ಲೂ ಬಾವು, ಗಂಟು ಏಳುವ ಮೊದಲೇ ಬಂದ 105 ಡಿಗ್ರಿಯ ಜ್ವರ ಜೊತೆಗಿದ್ದರೆ ತಡಮಾಡಬಾರದು. ಕಚ್ಚುವ ನೊಣ ಸೊಳ್ಳೆಗಳಿಂದ ಹರಡುವ ಕಾರಣ ಈ ದನವನ್ನು ಬೇರೆ ಕಟ್ಟುವುದಷ್ಟೇ ಸಾಲದು, ನೊಣಗಳಿಂದಲೂ ಬೇರೆಯಾಗಿಸಬೇಕು.

ನಾಲ್ಕನೇ ಹಂತ: ಹಠಾತ್ ಸಾವನ್ನು ಓದುವುದು

ಮಳೆಗಾಲದ ಮೊದಲ ವಾರಗಳಲ್ಲಿ ರಾತ್ರಿ ಚೆನ್ನಾಗಿದ್ದ ದನ ಬೆಳಗ್ಗೆ ಸತ್ತು ಬಿದ್ದಿದ್ದರೆ ಹಳ್ಳಿಯಲ್ಲಿ ಮೊದಲು ಕೇಳಿಬರುವ ಮಾತು ಹಾವು ಕಚ್ಚಿರಬೇಕು ಎಂಬುದು. ಇರಬಹುದು. ಆದರೆ ಕಳೇಬರವನ್ನು ಮುಟ್ಟುವ ಮೊದಲು, ಎರಡು ಹೆಜ್ಜೆ ದೂರ ನಿಂತು ಕೆಲವು ವಿಷಯಗಳನ್ನು ನೋಡಲೇಬೇಕು.

ಮೂಗು, ಬಾಯಿ, ಗುದದ್ವಾರಗಳಿಂದ ಕಪ್ಪು ರಕ್ತ ಹೆಪ್ಪುಗಟ್ಟದೆ ಜಿನುಗುತ್ತಿದೆಯೇ, ಹೊಟ್ಟೆ ಬೇಗ ಉಬ್ಬಿದೆಯೇ, ಗಂಟೆಗಳು ಕಳೆದರೂ ಕಾಲುಗಳು ಸೆಟೆದುಕೊಂಡಿಲ್ಲವೇ? ಹಾಗಿದ್ದರೆ ಅದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಎಂದು ತಿಳಿದೇ ನಡೆದುಕೊಳ್ಳಬೇಕು. ಚರ್ಮ ಸುಲಿಯಬಾರದು, ಹೊಟ್ಟೆ ಸೀಳಬಾರದು, ಮಾಂಸ ಹಂಚಬಾರದು. ಗಾಳಿ ಸೋಕಿದೊಡನೆ ಈ ಬ್ಯಾಕ್ಟೀರಿಯಾ ಬೀಜಾಣುವಾಗಿ ಮಾರ್ಪಟ್ಟು ಆ ನೆಲದಲ್ಲಿ ದಶಕಗಳ ಕಾಲ ಉಳಿಯುತ್ತದೆ, ಮನುಷ್ಯರಿಗೂ ಅಂಟುತ್ತದೆ. ಇದನ್ನು ಖಚಿತಪಡಿಸಲು ಪಶುವೈದ್ಯರಿಗೆ ಕಿವಿಯ ತುದಿಯ ಒಂದು ಹನಿ ರಕ್ತ ಸಾಕು. ಮರಣೋತ್ತರ ಪರೀಕ್ಷೆ ಬೇಡ, ಮಾಡಲೂಬಾರದು. ಕಳೇಬರವನ್ನು ಎಳೆದಾಡದೆ, ಆರು ಅಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು.

ಸಾಯುವ ಮೊದಲು ಗಂಟಲಿನ ಕೆಳಗೆ ಬಿಸಿಯಾದ, ನೋವಿನ ಬಾವು ಬಂದು, ನಾಲಿಗೆ ಹೊರಚಾಚಿ, ಗೊರಕೆಯಂತಹ ಉಸಿರು ಕೇಳಿದ್ದರೆ ಅದು ಗಳಲೆ ರೋಗ; ಎಮ್ಮೆಗಳಲ್ಲಿ ಹೆಚ್ಚು, ಒಂದೇ ದಿನದಲ್ಲಿ ಮುಗಿಸಿಬಿಡುತ್ತದೆ. ಆರು ತಿಂಗಳಿಂದ ಎರಡು ವರ್ಷದೊಳಗಿನ ಮೈತುಂಬಿಕೊಂಡ ಕರು ಕುಂಟಿ, ತೊಡೆಯ ಮೇಲೆ ಬಾವು ಬಂದು, ಒತ್ತಿದರೆ ಒಳಗೆ ಗಾಳಿಗುಳ್ಳೆ ಚರಚರ ಎಂದರೆ ಚಪ್ಪೆ ರೋಗ. ಇವೆರಡರಲ್ಲೂ ಮೊದಲ ಕೆಲವು ಗಂಟೆಗಳಲ್ಲಿ ಆಂಟಿಬಯೋಟಿಕ್ ಕೆಲಸ ಮಾಡುವ ಸಾಧ್ಯತೆ ಇದೆ, ಆಮೇಲೆ ಇಲ್ಲ.

ಸಾಂಕ್ರಾಮಿಕವಲ್ಲದ ಒಂದು ಸಾವನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಉತ್ತರ ಕರ್ನಾಟಕದ ಜೋಳದ ಸೀಮೆಯಲ್ಲಿ ಅದು ಆಗಾಗ ಗೊಂದಲ ಹುಟ್ಟಿಸುತ್ತದೆ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳವನ್ನೋ ಕೂಳೆಯ ಚಿಗುರನ್ನೋ ಮೇಯ್ದ ದನಗಳು ಸಯನೈಡ್ ವಿಷದಿಂದ ಗಂಟೆಯೊಳಗೆ ಸಾಲಾಗಿ ಬೀಳಬಹುದು. ಅಲ್ಲಿ ರಕ್ತದ ಬಣ್ಣ ಕಪ್ಪಲ್ಲ, ಢಾಳಾದ ಕೆಂಪು. ಒಂದೇ ಹೊಲಕ್ಕೆ ಹೋದ ದನಗಳಷ್ಟೇ ಬಿದ್ದು, ಮನೆಯಲ್ಲಿ ಕಟ್ಟಿದ್ದವು ನೆಟ್ಟಗಿರುವುದು ಇದರ ದೊಡ್ಡ ಸುಳಿವು.

ಕುರಿ ಮೇಕೆಗಳು, ಕಂದು ಹಾಕುವಿಕೆ

ಕುರಿ ಹಿಂಡಿನಲ್ಲಿ ಹಿರೇಬೇನೆ, ಅಂದರೆ ಪಿಪಿಆರ್, ಎಲ್ಲಕ್ಕಿಂತ ಹೆಚ್ಚು ಭಯಪಡಬೇಕಾದದ್ದು. ಕಣ್ಣು ಮೂಗಿನಿಂದ ಮೊದಲು ನೀರು, ಆಮೇಲೆ ಮೂಗಿನ ಹೊಳ್ಳೆ ಮುಚ್ಚುವಷ್ಟು ದಪ್ಪ ಸಿಂಬಳ, ವಸಡಿನ ಮೇಲೆ ಹೊಟ್ಟು ಮೆತ್ತಿದಂತಹ ಬಿಳಿ ಹುಣ್ಣು, ದುರ್ವಾಸನೆ, ಭೇದಿ, ಕೊನೆಗೆ ನ್ಯುಮೋನಿಯಾ, ಈ ಅನುಕ್ರಮವೇ ಅದರ ಗುರುತು. ಸಂತೆಯಿಂದ ತಂದ ಮರಿಗಳನ್ನು ರೊಪ್ಪಕ್ಕೆ ಸೇರಿಸಿದ ಒಂದು ವಾರದೊಳಗೆ ಶುರುವಾದರೆ ಮೂಲ ಎಲ್ಲಿಯದೆಂದು ಬೇರೆ ಹುಡುಕಬೇಕಿಲ್ಲ. ನೀಲಿ ನಾಲಿಗೆ ರೋಗದಲ್ಲಿಯೂ ಬಾಯಿ ಊದುತ್ತದೆ, ಆದರೆ ಅಲ್ಲಿ ಗೊರಸಿನ ಮೇಲಂಚು ಕೆಂಪಾಗಿ ಕುರಿ ಕುಂಟುತ್ತದೆ. ಇನ್ನೊಂದು ಸಂಗತಿ: ಕಾಲುಬಾಯಿ ಜ್ವರ ಕುರಿ ಮೇಕೆಗಳಲ್ಲಿ ಬರೀ ಎರಡು ದಿನದ ಕುಂಟಾಗಿ ಹಾದುಹೋಗಬಹುದು, ಅವು ಊರೂರಿಗೆ ವೈರಾಣುವನ್ನು ಸಾಗಿಸುತ್ತಲೇ ಇರಬಹುದು.

ಗಬ್ಬದ ಐದನೇ ತಿಂಗಳ ಬಳಿಕ ಹಸುವೋ ಎಮ್ಮೆಯೋ ಕಂದು ಹಾಕಿದರೆ, ಸತ್ತೆ, ಅಂದರೆ ಮಾಸು, ಬೀಳದೆ ಉಳಿದುಕೊಂಡರೆ, ಕಂದು ಹಾಕಿಸುವ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾದ ಪರೀಕ್ಷೆ ಮಾಡಿಸದೆ ಮತ್ತೆ ಗಬ್ಬ ಕಟ್ಟಿಸಬಾರದು. ಸತ್ತೆಯನ್ನು ಬರಿಗೈಯಲ್ಲಿ ಎಳೆಯುವುದು, ನಾಯಿಗೆ ಬಿಸಾಡುವುದು ಎರಡೂ ಅಪಾಯ. ಹೆಣ್ಣು ಕರುಗಳಿಗೆ ನಾಲ್ಕರಿಂದ ಎಂಟು ತಿಂಗಳ ವಯಸ್ಸಿನಲ್ಲಿ ಒಮ್ಮೆ ಹಾಕಿಸುವ ಲಸಿಕೆ ಜೀವನಪೂರ್ತಿ ನೆರವಾಗುತ್ತದೆ.

ಅನುಮಾನ ಬಂದ ಗಂಟೆಯಲ್ಲಿ

ಅನುಮಾನ ಬಂದ ಪ್ರಾಣಿಯನ್ನು ಬೇರೆ ಮಾಡಿ, ಅದರ ಬಕೆಟ್ಟು, ಹಗ್ಗ, ಪೊರಕೆಗಳನ್ನು ಅಲ್ಲೇ ಉಳಿಸಬೇಕು. ಆರೋಗ್ಯದ ದನಗಳ ಕೆಲಸ ಮೊದಲು, ಕಾಯಿಲೆಯ ದನದ್ದು ಕೊನೆಗೆ. ಹಾಲು ಕರೆಯುವ ಕೈಯೇ ಎಷ್ಟೋ ಹಟ್ಟಿಗಳಲ್ಲಿ ಸೋಂಕಿನ ವಾಹಕ. ಮಾರಾಟ, ಸಂತೆ, ಜಾತ್ರೆ ಎಲ್ಲವೂ ಅಂದಿನಿಂದ ಬಂದ್. ಕಾಯಿಲೆ ಬಿದ್ದ ಕೋಳಿಗಳನ್ನು ಅರ್ಧ ಬೆಲೆಗೆ ಸಾಗಹಾಕುವ ಪದ್ಧತಿಯೇ ರೋಗ ತಾಲ್ಲೂಕು ದಾಟಲು ಇರುವ ಹೆದ್ದಾರಿ ಎಂದು ಕಟುವಾಗಿಯೇ ಹೇಳಬೇಕಾಗುತ್ತದೆ.

ಆಮೇಲೆ ಹತ್ತಿರದ ಪಶು ಆಸ್ಪತ್ರೆಗೆ ಅಥವಾ 1962 ಸಹಾಯವಾಣಿಗೆ ಕರೆ. 2009ರ ಕೇಂದ್ರ ಕಾಯ್ದೆಯ ಪ್ರಕಾರ ಪಟ್ಟಿಯಲ್ಲಿರುವ ಸಾಂಕ್ರಾಮಿಕ ರೋಗದ ಅನುಮಾನವಿದ್ದರೆ ತಿಳಿಸುವುದು ಮಾಲೀಕರ ಕರ್ತವ್ಯ. ಹಕ್ಕಿ ಜ್ವರ ದೃಢಪಟ್ಟರೆ ಒಂದು ಕಿಲೋಮೀಟರ್ ವ್ಯಾಪ್ತಿಯನ್ನು ಸೋಂಕಿತ ವಲಯವೆಂದು ಘೋಷಿಸಿ ಕೋಳಿಗಳನ್ನು ಕೊಲ್ಲುತ್ತಾರೆ, ಹತ್ತು ಕಿಲೋಮೀಟರ್‌ವರೆಗೆ ನಿಗಾ ಇಡುತ್ತಾರೆ. ಈ ಭಯದಿಂದಲೇ ಹಲವರು ಮುಚ್ಚಿಡುತ್ತಾರೆ. ಆದರೆ ಸರ್ಕಾರದ ಪರಿಹಾರ ಸಿಗುವುದು ಇಲಾಖೆ ಕೊಂದ ಕೋಳಿಗೆ, ರೋಗದಿಂದ ತಾನಾಗಿ ಸತ್ತದ್ದಕ್ಕಲ್ಲ. ತಡ ಮಾಡಿದಷ್ಟೂ ಕಳೆದುಕೊಳ್ಳುವವರು ಮಾಲೀಕರೇ.

ಮಾದರಿ ಸಂಗ್ರಹವನ್ನು ವೈದ್ಯರು ಮಾಡಲಿ, ಅದಕ್ಕೆ ಬೇಕಾದ ಸ್ಥಿತಿಯನ್ನು ನೀವು ಕಾಪಾಡಿ. ಅವರು ಬರುವ ಮೊದಲು ಕೈಗೆ ಸಿಕ್ಕ ಆಂಟಿಬಯೋಟಿಕ್ ಚುಚ್ಚಿದರೆ ಬ್ಯಾಕ್ಟೀರಿಯಾ ಬೆಳೆಸುವ ಪರೀಕ್ಷೆ ಹಾಳಾಗುತ್ತದೆ. ಕಾಲುಬಾಯಿ ಜ್ವರದ ಗುಳ್ಳೆಯನ್ನು ಪೊಟ್ಯಾಷ್ ನೀರಿನಲ್ಲಿ ತೊಳೆಯುವ ಮುನ್ನ ಅದರ ಸುಲಿದ ಚರ್ಮವನ್ನು ತೆಗೆದುಕೊಳ್ಳಲು ಬಿಡಿ, ಅದಕ್ಕಿಂತ ಒಳ್ಳೆಯ ಮಾದರಿ ಇಲ್ಲ. ಕೋಳಿಗಳಲ್ಲಿ ಈಗಷ್ಟೇ ಸತ್ತವು ಮತ್ತು ಕಾಯಿಲೆ ಬಿದ್ದು ಬದುಕಿರುವವು ಎರಡೂ ಬೇಕು. ಬಿಸಿಲಲ್ಲಿ ಕೊಳೆತದ್ದು ಯಾವ ಪ್ರಯೋಗಾಲಯಕ್ಕೂ ಪ್ರಯೋಜನವಿಲ್ಲ. ಮಾದರಿ ಹೋಗಬೇಕಾದದ್ದು ಐಸ್ ಡಬ್ಬಿಯಲ್ಲಿ, ಫ್ರೀಜರಿನಲ್ಲಿಟ್ಟು ಹೆಪ್ಪುಗಟ್ಟಿಸಿದ ರಕ್ತ ಒಡೆದುಹೋಗುತ್ತದೆ. ಜೊತೆಗೆ ಹಿಂಡಿನ ಒಟ್ಟು ಸಂಖ್ಯೆ, ವಯಸ್ಸು, ಕಾಯಿಲೆ ಬಿದ್ದವು, ಸತ್ತವು, ಮೊದಲ ಲಕ್ಷಣದ ದಿನ, ಲಸಿಕೆಯ ದಿನಾಂಕ, ಇತ್ತೀಚೆಗೆ ಹೊರಗಿನಿಂದ ಬಂದ ಪ್ರಾಣಿಗಳ ವಿವರ ಇರುವ ಒಂದು ಹಾಳೆ. ರಾಜ್ಯದ ಮಾದರಿಗಳು ಸಾಮಾನ್ಯವಾಗಿ ಬೆಂಗಳೂರಿನ ಹೆಬ್ಬಾಳದ ಪ್ರಯೋಗಾಲಯಕ್ಕೆ ಹೋಗುತ್ತವೆ. ಹಕ್ಕಿ ಜ್ವರದ ಅಂತಿಮ ದೃಢೀಕರಣ ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯದಿಂದ ಬರುತ್ತದೆ. ಯಲಹಂಕದಲ್ಲಿರುವ ನಿವೇದಿ ಎಂಬ ರಾಷ್ಟ್ರೀಯ ಪಶುರೋಗ ಸಂಶೋಧನಾ ಸಂಸ್ಥೆ ಎರಡು ತಿಂಗಳು ಮೊದಲೇ ಜಿಲ್ಲಾವಾರು ರೋಗ ಮುನ್ಸೂಚನೆ ಕೊಡುತ್ತದೆ, ನಿಮ್ಮ ಪಶುವೈದ್ಯರನ್ನು ಅದರ ಬಗ್ಗೆ ಕೇಳಿ.

ರಕ್ತದಲ್ಲಿ ಪ್ರತಿಕಾಯ ಇದೆ ಎಂಬ ಒಂದೇ ವರದಿಯಿಂದ ರೋಗ ಇದೆ ಎಂದು ತೀರ್ಮಾನಿಸಬೇಡಿ, ಲಸಿಕೆಯಿಂದಲೂ ಅದು ಬಂದಿರಬಹುದು. ಹಾಗೆಯೇ ಸ್ಥಳದಲ್ಲೇ ಮಾಡುವ ಕಿಟ್ ಪರೀಕ್ಷೆ ನೆಗೆಟಿವ್ ಬಂದಿತೆಂದು ಪ್ರತ್ಯೇಕವಾಗಿಟ್ಟ ಪ್ರಾಣಿಯನ್ನು ಒಳಗೆ ಬಿಡಬೇಡಿ. ಸಾವು ಮುಂದುವರಿದಿದ್ದರೆ ಮತ್ತೊಮ್ಮೆ ಮಾದರಿ ಕಳುಹಿಸಲು ಒತ್ತಾಯಿಸಿ.

ಈ ದಿನಗಳಲ್ಲಿ ಹಟ್ಟಿಯಲ್ಲಿ ಕೆಲಸ ಮಾಡಿದವರ ಹೆಸರನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಸತ್ತ ಕೋಳಿಗಳನ್ನು ಹೂತವರಿಗೆ ಹತ್ತು ದಿನದೊಳಗೆ ಜ್ವರ, ಕೆಮ್ಮು, ಕಣ್ಣು ಕೆಂಪಾಗುವುದು; ಕಳೇಬರ ಮುಟ್ಟಿದವರ ಕೈಯಲ್ಲಿ ನೋವಿಲ್ಲದ ಕಪ್ಪು ಹುಣ್ಣು; ಅಥವಾ ಕಂದು ಹಾಕಿದ ಹಸುವನ್ನು ನೋಡಿಕೊಂಡವರಿಗೆ ವಾರಗಟ್ಟಲೆ ಬಂದು ಹೋಗುವ ಜ್ವರ, ಕೀಲು ನೋವು ಕಂಡರೆ ವೈದ್ಯರ ಬಳಿಗೆ ಹೋದಾಗ ಮೊದಲ ಮಾತಿನಲ್ಲೇ ಪ್ರಾಣಿಗಳ ಸಂಗತಿ ಹೇಳಬೇಕು. ಪಟ್ಟಣದ ಕ್ಲಿನಿಕ್ಕಿನಲ್ಲಿ ಕುಳಿತ ವೈದ್ಯರು ತಾವಾಗಿ ಅದನ್ನು ಕೇಳುವುದು ಕಡಿಮೆ.